ದಿನಗೂಲಿಯ ಲೆಕ್ಕ: ಐಟಿ ಗುತ್ತಿಗೆ ಈಗಲೂ ಗಿಟ್ಟುತ್ತದೆಯೇ?

ಕಥೆ, ಕವನ, ಪುಸ್ತಕ ವಿಮರ್ಶೆಗಳ ನಡುವೆ ತೆರಿಗೆಯ ಲೆಕ್ಕ ಹೊತ್ತು ಬಂದಿದ್ದಕ್ಕೆ ಮೊದಲೇ ಕ್ಷಮೆ ಕೋರುತ್ತೇವೆ. ತಪ್ಪು ಪೂರ್ತಿ ನಮ್ಮದಲ್ಲ. ಕಳೆದ ತಿಂಗಳ ಕೂಟದಲ್ಲಿ ಕಾದಂಬರಿಯ ಚರ್ಚೆ ಮುಗಿದು ಉಪ್ಪಿಟ್ಟು-ಕೇಸರಿಬಾತಿನ ಸರದಿ ಬಂದಾಗ, ರೆಡಿಂಗ್ ಕಡೆಯಿಂದ ಬಂದಿದ್ದ ತರುಣ ದಂಪತಿ ನಮ್ಮನ್ನು ಮೂಲೆಗೆ ಕರೆದರು. ಹುಡುಗಿ ಕೇಳಿದಳು: "ಸರ್, ನಮಗೆ ಐಎಲ್‌ಆರ್ ಬಂತು. ಇವರು ಪರ್ಮನೆಂಟ್ ಕೆಲಸ ಬಿಟ್ಟು ಕಾಂಟ್ರಾಕ್ಟಿಂಗಿಗೆ ಇಳೀತೀನಿ ಅಂತಿದಾರೆ. ದಿನಕ್ಕೆ ಐನೂರು ಪೌಂಡ್ ಕೊಡ್ತಾರಂತೆ. ಇಳೀಬಹುದಾ?" ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತೇ ಕೊಡುವ ಉತ್ತರವಲ್ಲ ಅದು. "ಬರೆದು ಕಳಿಸುತ್ತೇವಮ್ಮ" ಎಂದೆವು. ಪಕ್ಕದಲ್ಲೇ ನಿಂತಿದ್ದ ಸಂಪಾದಕರು, "ಹಾಗಾದರೆ ನಮಗೇ ಕಳಿಸಿ" ಎಂದುಬಿಟ್ಟರು.

2010ರಲ್ಲಿ ನೌಕರಿ ಬಿಟ್ಟು ಸ್ವಂತ ಕಂಪನಿ ತೆರೆದ ಸುದ್ದಿಯನ್ನು ತಿಪಟೂರಿನ ಅತ್ತೆಯವರಿಗೆ ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕಂಟ್ರಾಕ್ಟರ್ರಾ? ಹಂಗಾರೆ ಯಾವ ರಸ್ತೆ ಮಾಡುಸ್ತಿದೀರಿ?" ನಕ್ಕೆವು. ಆದರೆ ನಮ್ಮ ಹಣೆಬರಹ ನಿಂತಿರುವುದು ಕೊನೆಗೂ ಒಂದು ಕಾಂಕ್ರೀಟು ಲಾರಿಯ ಮೇಲೇ ಎಂಬುದು ಆಮೇಲೆ ತಿಳಿಯಿತು. ಆ ಕಥೆಗೆ ಬರುತ್ತೇವೆ. ಅಂದಹಾಗೆ ಇಲ್ಲಿ 'ನಾವು' ಎಂದರೆ ಗೌರವಕ್ಕೆ ಹೇಳಿಕೊಂಡ ಬಹುವಚನವಲ್ಲ. ನಮ್ಮ ಪುಟ್ಟ ಕಂಪನಿಯಲ್ಲಿ ಗಂಡ-ಹೆಂಡತಿ ಇಬ್ಬರಿಗೂ ಪಾಲುಂಟು. ಕೋಡು ಬರೆಯುವವರು ಒಬ್ಬರು, ಲೆಕ್ಕ ಇಡುವವರು ಇನ್ನೊಬ್ಬರು, ಬೈಸಿಕೊಳ್ಳುವವರು ಯಾರೆಂದು ಹೇಳಬೇಕಿಲ್ಲ.

ಈ ದೇಶದಲ್ಲಿ ಐಟಿ ಗುತ್ತಿಗೆ ನಡೆಯುವ ಕ್ರಮ ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳುವುದಾದರೆ ಹೀಗೆ. ಒಂದು ಬ್ಯಾಂಕಿಗೋ ವಿಮಾ ಕಂಪನಿಗೋ ಆರು ತಿಂಗಳಿಗೆ ಒಬ್ಬ ಪರಿಣತ ಬೇಕು. ಅವರು ಏಜೆನ್ಸಿಗೆ ಹೇಳುತ್ತಾರೆ, ಏಜೆನ್ಸಿ ನಮ್ಮ ಲಿಮಿಟೆಡ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಳ್ಳುತ್ತದೆ. ಕೆಲಸ ಮಾಡಿದ ದಿನಕ್ಕೆ ದುಡ್ಡು. ಮಾಡದ ದಿನಕ್ಕೆ ಇಲ್ಲ. ಯುಗಾದಿಗೆ ರಜೆ ಹಾಕಿದರೂ, ಜ್ವರ ಬಂದು ಮಲಗಿದರೂ, ಬ್ಯಾಂಕ್ ಹಾಲಿಡೇ ಬಂದರೂ ಅಂದಿನ ಗಳಿಕೆ ಸೊನ್ನೆ. ದಿನಗೂಲಿ ಎಂಬ ಮಾತಿಗೆ ಬೇಸರಪಡಬೇಕಾಗಿಲ್ಲ, ಇದು ಅದೇ.

ಹಾಗಿದ್ದರೂ ಜನ ಮುಗಿಬಿದ್ದದ್ದೇಕೆ? ದಿನದ ದರ ದೊಡ್ಡದಿತ್ತು, ತೆರಿಗೆ ಸಣ್ಣದಿತ್ತು. ಕಂಪನಿಯ ನಿರ್ದೇಶಕರಾಗಿ ನಮಗೆ ನಾವೇ ಸಣ್ಣ ಸಂಬಳ ಕೊಟ್ಟುಕೊಂಡು, ಉಳಿದ ಲಾಭಕ್ಕೆ ಕಾರ್ಪೊರೇಷನ್ ತೆರಿಗೆ ಕಟ್ಟಿ, ಮಿಕ್ಕದ್ದನ್ನು ಡಿವಿಡೆಂಡಾಗಿ ತೆಗೆದುಕೊಳ್ಳುವುದು ಪದ್ಧತಿ. ಡಿವಿಡೆಂಡಿಗೆ ನ್ಯಾಷನಲ್ ಇನ್ಶೂರೆನ್ಸ್ ಇಲ್ಲ. 2016ರ ಏಪ್ರಿಲ್ ತನಕ, ಒಟ್ಟು ಆದಾಯ ಮೂಲ ದರದ ಮಿತಿಯೊಳಗಿದ್ದರೆ ಡಿವಿಡೆಂಡಿನ ಮೇಲೆ ಕೈಯಿಂದ ಇನ್ನೇನೂ ಕಟ್ಟಬೇಕಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಪಾಲುದಾರರಾಗಿದ್ದರೆ ಆ ಮಿತಿ ಎರಡು ಪಟ್ಟು. ಅದು ಮೋಸವೆಂದು ತೆರಿಗೆ ಇಲಾಖೆ ವಾದಿಸಿತ್ತು. ಆರ್ಕ್ಟಿಕ್ ಸಿಸ್ಟಮ್ಸ್ ಎಂಬ ಪುಟ್ಟ ಐಟಿ ಕಂಪನಿಯ ದಂಪತಿಯ ಮೊಕದ್ದಮೆಯಲ್ಲಿ 2007ರ ಜುಲೈನಲ್ಲಿ ಹೌಸ್ ಆಫ್ ಲಾರ್ಡ್ಸ್ ದಂಪತಿಯ ಪರವಾಗಿ ತೀರ್ಪು ಕೊಟ್ಟಿತು. ನಾವು ಕಂಪನಿ ತೆರೆದಾಗ ಪಾಲು ಹಂಚಿಕೊಂಡದ್ದು ಆ ತೀರ್ಪಿನ ಧೈರ್ಯದಿಂದಲೇ.

ಈಗ ಕಾಂಕ್ರೀಟು ಲಾರಿ. ಶುಕ್ರವಾರ ನೌಕರನಾಗಿ ಎದ್ದು ಹೋದವನು ಸೋಮವಾರ ಅದೇ ಕುರ್ಚಿಗೆ ಕಂಪನಿ ನಿರ್ದೇಶಕನಾಗಿ ಬಂದು ಕೂತರೆ, ಅವನು ನಿಜಕ್ಕೂ ವ್ಯಾಪಾರಿಯೋ ವೇಷ ಹಾಕಿದ ನೌಕರನೋ? 1999ರ ಮಾರ್ಚ್ 9ರ ಬಜೆಟ್ ದಿನ ಅಂದಿನ ತೆರಿಗೆ ಇಲಾಖೆ ಹೊರಡಿಸಿದ ಪತ್ರಿಕಾ ಪ್ರಕಟಣೆಗಳಲ್ಲಿ 35ನೆಯದು ಈ ಪ್ರಶ್ನೆ ಎತ್ತಿತ್ತು. ಅದರಿಂದಲೇ ಐಆರ್35 ಎಂಬ ಹೆಸರು. 2000ದ ಏಪ್ರಿಲ್‌ನಿಂದ ಅದು ಕಾನೂನಾಯಿತು. ವೇಷ ಹಾಕಿದ ನೌಕರನಾದರೆ ನೌಕರನಂತೆಯೇ ತೆರಿಗೆ ಕಟ್ಟು ಎಂಬುದು ಅದರ ಸಾರ. ಆದರೆ ವೇಷ ಯಾವುದು, ನಿಜ ಯಾವುದು ಎಂದು ತೂಗುವ ತಕ್ಕಡಿ ಆ ಕಾನೂನಿನಲ್ಲಿಲ್ಲ. ಅದು ಹಳೆಯ ತೀರ್ಪುಗಳಲ್ಲಿದೆ. ಅವುಗಳಲ್ಲಿ ದೊಡ್ಡದು 1968ರಲ್ಲಿ ವರದಿಯಾದ ರೆಡಿ ಮಿಕ್ಸ್ಡ್ ಕಾಂಕ್ರೀಟ್ ಮೊಕದ್ದಮೆ. ಒಬ್ಬ ಚಾಲಕ ಕಂತಿನಲ್ಲಿ ಲಾರಿ ಕೊಂಡು ಒಂದು ಕಂಪನಿಯ ಕಾಂಕ್ರೀಟು ಸಾಗಿಸುತ್ತಿದ್ದ. ಲಾರಿಗೆ ಕಂಪನಿಯದೇ ಬಣ್ಣ, ಮೈಮೇಲೆ ಕಂಪನಿಯದೇ ಸಮವಸ್ತ್ರ. ಆದರೂ ರಿಪೇರಿ, ವಿಮೆ ಎಲ್ಲ ಅವನ ಖರ್ಚು. ತನಗೆ ಬದಲಾಗಿ ಬೇರೆ ಚಾಲಕನನ್ನೂ ಕಳಿಸಬಹುದಿತ್ತು. ನ್ಯಾಯಾಧೀಶರು ಅವನನ್ನು ಸ್ವತಂತ್ರ ಗುತ್ತಿಗೆದಾರನೆಂದೇ ಹೇಳಿದರು. ಸ್ವತಃ ದುಡಿಯಲೇಬೇಕೆಂಬ ಕರಾರಿದೆಯೇ, ಹೇಗೆ ದುಡಿಯಬೇಕೆಂದು ಹೇಳುವ ಹಿಡಿತ ಕೊಡುವವನ ಕೈಯಲ್ಲಿದೆಯೇ, ಒಪ್ಪಂದದ ಉಳಿದ ಮಾತುಗಳು ನೌಕರಿಗೆ ಹೊಂದುತ್ತವೆಯೇ - ಹೆಚ್ಚುಕಡಿಮೆ ಈ ಮೂರು ಪ್ರಶ್ನೆಗಳನ್ನೇ ಇಂದಿಗೂ ಜಾವಾ ಬರೆಯುವವನಿಗೂ ಕೇಳುತ್ತಾರೆ. ಅತ್ತೆಯವರ ಊಹೆ ಅಷ್ಟೇನೂ ದೂರವಿರಲಿಲ್ಲ ನೋಡಿ.

ಮೊದಲ ಹದಿನೇಳು ವರ್ಷ ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳುತ್ತಿದ್ದವರು ನಾವೇ. ವಿದ್ಯಾರ್ಥಿಯೇ ಪರೀಕ್ಷಕ! 2017ರ ಏಪ್ರಿಲ್‌ನಲ್ಲಿ ಸರ್ಕಾರಿ ಸಂಸ್ಥೆಗಳ ಮಟ್ಟಿಗೆ ಆ ಕೆಲಸವನ್ನು ಕೆಲಸ ಕೊಡುವವರಿಗೇ ವಹಿಸಿದರು. ಖಾಸಗಿ ವಲಯಕ್ಕೆ 2020ರ ಏಪ್ರಿಲ್‌ನಲ್ಲಿ ಬರಬೇಕಿದ್ದದ್ದು ಕೋವಿಡ್ ಕಾರಣಕ್ಕೆ ಒಂದು ವರ್ಷ ಮುಂದೆ ಹೋಗಿ 2021ರ ಏಪ್ರಿಲ್ 6ರಿಂದ ಜಾರಿಯಾಯಿತು. ತೀರ್ಮಾನ ತಪ್ಪಾದರೆ ತೆರಿಗೆ ಬಾಕಿ ಅವರ ತಲೆಗೂ ಬರುತ್ತದೆ. ಇಂಥ ಕಡೆ ದೊಡ್ಡ ಕಂಪನಿಯ ವಕೀಲರು ಏನು ಮಾಡುತ್ತಾರೆ? ಒಬ್ಬೊಬ್ಬರ ಕೆಲಸ ಕೂತು ತೂಗುವುದಿಲ್ಲ, ಬಾಗಿಲು ಹಾಕುತ್ತಾರೆ. ನಮಗೂ 2021ರ ಫೆಬ್ರವರಿಯಲ್ಲಿ ನಾಲ್ಕು ಸಾಲಿನ ಮಿಂಚಂಚೆ ಬಂತು: ಇನ್ನು ಮುಂದೆ ಲಿಮಿಟೆಡ್ ಕಂಪನಿಗಳ ಮೂಲಕ ಯಾರನ್ನೂ ತೆಗೆದುಕೊಳ್ಳುವುದಿಲ್ಲ, ಮುಂದುವರಿಯಬೇಕಿದ್ದರೆ ಅಂಬ್ರೆಲಾ ಕಂಪನಿ ಸೇರಿ. ಅದೇ ಕೆಲಸ, ಅದೇ ತಂಡ, ಅದೇ ದಿನದ ದರ. ಮೇ ತಿಂಗಳ ಕೊನೆಗೆ ಬ್ಯಾಂಕಿಗೆ ಬಿದ್ದ ಮೊತ್ತ ನೋಡಿ ಲೆಕ್ಕ ಇಡುವವರು, "ಇನ್ನರ್ಧ ನಾಳೆ ಬರುತ್ತಾ?" ಎಂದು ಕೇಳಿದ್ದುಂಟು.

ನಡುವೆ ಒಂದು ಪ್ರಹಸನವೂ ಆಯಿತು. 2022ರ ಸೆಪ್ಟೆಂಬರ್ 23ರಂದು ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್ ಈ ಎರಡೂ ಬದಲಾವಣೆಗಳನ್ನು ರದ್ದು ಮಾಡುವುದಾಗಿ ಸಾರಿದರು. ನಮ್ಮ ಗೆಳೆಯರ ಬಳಗದಲ್ಲಿ ಸಿಹಿ ಹಂಚಿದವರಿದ್ದರು. ಅವರ ಜಾಗಕ್ಕೆ ಬಂದ ಜೆರೆಮಿ ಹಂಟ್ ಅಕ್ಟೋಬರ್ 17ರಂದು ಅದನ್ನು ವಾಪಸ್ಸು ಪಡೆದರು. ಇಪ್ಪತ್ನಾಲ್ಕು ದಿನದ ಸ್ವರಾಜ್ಯ.

ಅಂಬ್ರೆಲಾ ಎಂದರೆ ಕೊಡೆಯೇನೋ ಸರಿ, ಆದರೆ ಆ ಕೊಡೆಯ ಬಾಡಿಗೆಯನ್ನೂ ನೆನೆಯುವವರೇ ಕೊಡಬೇಕು. ರೆಡಿಂಗ್ ದಂಪತಿ ಗಮನಿಸಬೇಕಾದ್ದು ಇಲ್ಲಿ. ಅಂಬ್ರೆಲಾ ಕಂಪನಿಯ ಪಾಲಿಗೆ ನಾವು ನೌಕರರು. ಆದರೆ ಮಾಲೀಕ ಕಟ್ಟಬೇಕಾದ ನ್ಯಾಷನಲ್ ಇನ್ಶೂರೆನ್ಸನ್ನೂ ನಮ್ಮ ದಿನದ ದರದಿಂದಲೇ ಮುರಿಯುತ್ತಾರೆ. 2025ರ ಏಪ್ರಿಲ್‌ನಿಂದ ಅದು ಶೇ. 13.8ರಿಂದ ಶೇ. 15ಕ್ಕೆ ಏರಿದೆ, ವರ್ಷಕ್ಕೆ 9,100 ಪೌಂಡ್ ಮೇಲಿನ ಸಂಬಳಕ್ಕೆ ಕಟ್ಟುತ್ತಿದ್ದದ್ದನ್ನು ಈಗ 5,000 ದಾಟಿದೊಡನೆ ಕಟ್ಟಬೇಕು. ಅದರ ಮೇಲೆ ಶೇ. 0.5 ಅಪ್ರೆಂಟಿಸ್‌ಶಿಪ್ ಲೆವಿ. ರಜೆಯ ಸಂಬಳ ಎಂದು ಬೇರೆ ಸಾಲಿನಲ್ಲಿ ತೋರಿಸುವುದೂ ನಮ್ಮದೇ ದುಡ್ಡು.

ಐನೂರು ಪೌಂಡಿನ ಲೆಕ್ಕವನ್ನು ಇಂಗ್ಲೆಂಡಿನ 2025-26ರ ದರಗಳಲ್ಲಿ ಮಾಡಿ ನೋಡಿದೆವು. ವರ್ಷದಲ್ಲಿ ಕೆಲಸದ ದಿನ 260. ಬ್ಯಾಂಕ್ ರಜೆ 8. ಊರಿಗೆ ಹೋಗುವುದು, ಮಕ್ಕಳ ಶಾಲೆಯ ರಜೆ, ನೆಗಡಿ-ಜ್ವರ ಎಲ್ಲ ಸೇರಿ 32. ಉಳಿದದ್ದು 220. ಎಂದರೆ 1,10,000 ಪೌಂಡ್. ಕೇಳಲು ಎಷ್ಟು ಸೊಗಸು! ಅಂಬ್ರೆಲಾದವರಿಗೆ ವಾರಕ್ಕೆ 25 ಪೌಂಡ್ ಹಿಡಿದು, ಮಾಲೀಕನ ಪಾಲು, ಲೆವಿ ಕಳೆದರೆ ನಮ್ಮ 'ಸಂಬಳ' ಎಂದು ಉಳಿಯುವುದು ಸುಮಾರು 94,900. ಅದರ ಮೇಲಿನ ಆದಾಯ ತೆರಿಗೆ, ನಮ್ಮ ಪಾಲಿನ ಇನ್ಶೂರೆನ್ಸ್ ಹೋದ ಮೇಲೆ ಕೈಗೆ ಬರುವುದು ಸುಮಾರು 65,600. ಪಿಂಚಣಿಗೆ ಒಂದು ಪೆನ್ನಿಯನ್ನೂ ಹಾಕಿಲ್ಲ, ನೆನಪಿಡಿ.

ವರ್ಷಕ್ಕೆ 80,000 ಪೌಂಡ್ ಸಂಬಳದ ಖಾಯಂ ನೌಕರನ ಕೈಗೆ ಬರುವುದು ಸುಮಾರು 56,950. ಒಂಬತ್ತು ಸಾವಿರದಷ್ಟು ಲಾಭ ಕಂಡಿತೇ? ಈಗ ಎರಡು ಗುತ್ತಿಗೆಗಳ ನಡುವೆ ಎರಡೇ ತಿಂಗಳು ಕೆಲಸವಿಲ್ಲದೆ ಕೂತಿರೆನ್ನಿ. 220 ದಿನ 180 ಆಯಿತು. ಕೈಗೆ ಬರುವುದು ಸುಮಾರು 55,700. ಖಾಯಂ ನೌಕರ ನಿಮ್ಮನ್ನು ದಾಟಿ ಹೋದ. ಮಾಲೀಕರು ಕೊಡುವ ಪಿಂಚಣಿಯ ಪಾಲು, ಕಾಯಿಲೆ ಬಿದ್ದಾಗಿನ ಸಂಬಳ ಅವನಿಗೆ ಬೇರೆ. ಎರಡು ತಿಂಗಳು ಖಾಲಿ ಕೂರುವುದು ದುರದೃಷ್ಟವೇನಲ್ಲ, ಈ ಕಸುಬಿನ ಮಾಮೂಲು. 2023ರಲ್ಲಿ ನಾವು ಕೂತದ್ದು ಐದು ತಿಂಗಳು.

"ಐಆರ್35ರ ಆಚೆಗಿನ ಕೆಲಸ ಹಿಡಿದು ಲಿಮಿಟೆಡ್ ಕಂಪನಿಯಲ್ಲೇ ಮಾಡಿದರೆ?" ಎಂದು ನೀವು ಕೇಳಬಹುದು. ಅಂಥ ಕೆಲಸಗಳು ಇಲ್ಲದಿಲ್ಲ. ಸಣ್ಣ ಕಂಪನಿಗಳಿಗೆ 2021ರ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ತೀರ್ಮಾನವೂ ನಮ್ಮದೇ, ತಪ್ಪಿದರೆ ತಲೆದಂಡವೂ ನಮ್ಮದೇ. ಅದೇ 1,10,000ವನ್ನು ಕಂಪನಿಗೆ ತಂದು, ಲೆಕ್ಕಪರಿಶೋಧಕರು, ವಿಮೆ ಮುಂತಾಗಿ 3,000 ಖರ್ಚು ಕಳೆದು, 12,570 ಸಂಬಳ, ಉಳಿದದ್ದೆಲ್ಲ ಒಬ್ಬರಿಗೇ ಡಿವಿಡೆಂಡ್ ಎಂದಿಟ್ಟುಕೊಂಡರೆ ಕೈಗೆ ಬರುವುದು ಸುಮಾರು 69,950. ಅಂಬ್ರೆಲಾಗಿಂತ ಹೆಚ್ಚಿರುವುದು ನಾಲ್ಕು ಸಾವಿರ ಚಿಲ್ಲರೆ ಅಷ್ಟೇ. ಕಾರ್ಪೊರೇಷನ್ ತೆರಿಗೆ 2023ರ ಏಪ್ರಿಲ್‌ನಲ್ಲಿ 19ರಿಂದ 25ಕ್ಕೆ ಏರಿತು (50,000ದೊಳಗಿನ ಲಾಭಕ್ಕೆ ಮಾತ್ರ ಹಳೆಯ ದರ ಉಳಿಯಿತು). ತೆರಿಗೆಯಿಲ್ಲದ ಡಿವಿಡೆಂಡ್ 2016ರಲ್ಲಿ 5,000 ಇದ್ದದ್ದು ಮೆಟ್ಟಿಲಿಳಿದು 2024ಕ್ಕೆ 500 ಆಯಿತು. 2025ರ ನವೆಂಬರ್ ಬಜೆಟ್ ಡಿವಿಡೆಂಡಿನ ಮೊದಲೆರಡು ದರಗಳನ್ನು 2026ರ ಏಪ್ರಿಲ್‌ನಿಂದ ಇನ್ನೂ ಎರಡೆರಡು ಅಂಶ ಏರಿಸಿತು. ಮನೆಯವರಿಗೆ ಬೇರೆ ಆದಾಯವಿಲ್ಲದೆ ಪಾಲು ಹಂಚಿಕೊಂಡರೆ, ಅಥವಾ ಕಂಪನಿಯಿಂದಲೇ ಪಿಂಚಣಿಗೆ ದೊಡ್ಡ ಮೊತ್ತ ಹಾಕಿದರೆ ಅಂತರ ಹೆಚ್ಚುತ್ತದೆ, ನಿಜ. ಆದರೆ ನಮಗಿಂತ ಹಿಂದಿನ ತಲೆಮಾರಿನವರು ಐದು ವರ್ಷದಲ್ಲಿ ಮನೆ ಸಾಲ ತೀರಿಸಿದ ಕಥೆಗಳಿದ್ದಾವಲ್ಲ, ಅವು ಆ ಕಾಲದ ದರಗಳಲ್ಲಿ ಬರೆದ ಕಥೆಗಳು.

ಕೈಗೆ ಬರುವುದು ಕಡಿಮೆಯಾದಾಗಲೇ ಇನ್ನೊಂದು ಬಾಗಿಲು ತೆರೆದುಕೊಳ್ಳುವುದು. ಅದನ್ನು ಹೇಳದೆ ಈ ಬರಹ ಮುಗಿಸಲಾರೆವು. 2012ರಲ್ಲಿ ನಮಗೂ ಒಂದು ಬಣ್ಣಬಣ್ಣದ ಪತ್ರ ಬಂದಿತ್ತು: ದಿನದ ದರದಲ್ಲಿ ಶೇ. 85 ನಿಮ್ಮ ಕೈಗೆ, ವಕೀಲರ ಒಪ್ಪಿಗೆ ಪಡೆದ ಯೋಜನೆ. ಸಣ್ಣ ಸಂಬಳ, ಉಳಿದದ್ದನ್ನು ಹೊರದೇಶದ ಒಂದು ಟ್ರಸ್ಟು 'ಸಾಲ'ವಾಗಿ ಕೊಡುತ್ತದೆ. ಸಾಲಕ್ಕೆ ತೆರಿಗೆಯಿಲ್ಲವಷ್ಟೆ! ಸಹಿ ಹಾಕುವ ಮುನ್ನ, ಇಲ್ಲೇ ಲೆಕ್ಕಪರಿಶೋಧಕರಾಗಿದ್ದ ಹಿರಿಯ ಕನ್ನಡಿಗರೊಬ್ಬರಿಗೆ ತೋರಿಸಿದೆವು. ಕನ್ನಡಕ ಹಣೆಗೇರಿಸಿ ಅವರು ಕೇಳಿದರು: "ಸಾಲ ಅಂದ್ರೆ ತೀರುಸ್ಬೇಕಲ್ಲಪ್ಪಾ? ತೀರುಸ್ಬೇಡ ಅಂದ್ರೆ ಅದು ಸಾಲ ಹೆಂಗಾಗುತ್ತೆ?" ಪತ್ರ ಕಸದ ಬುಟ್ಟಿಗೆ ಹೋಯಿತು. ನಮ್ಮ ಜೊತೆ ಅದೇ ಕಚೇರಿಯಲ್ಲಿದ್ದ ಗೆಳೆಯರೊಬ್ಬರು ಸಹಿ ಹಾಕಿದರು. ಅವರು ದಡ್ಡರಲ್ಲ, ದುರಾಸೆಯವರೂ ಅಲ್ಲ. ಏಜೆನ್ಸಿಯೇ ತೋರಿಸಿದ ದಾರಿ ಎಂದು ನಂಬಿದ್ದರು. 2017ರಲ್ಲಿ ಬಂದ ಕಾನೂನು, 2019ರ ಏಪ್ರಿಲ್ 5ಕ್ಕೆ ಬಾಕಿಯಿದ್ದ ಅಂಥ ಸಾಲಗಳನ್ನೆಲ್ಲ ಒಂದೇ ವರ್ಷದ ಆದಾಯವೆಂದು ಎಣಿಸಿ ತೆರಿಗೆ ಹಾಕಿತು. ಎರಡು ದಶಕದ ಹಿಂದಿನವರೆಗೂ ಕೈಚಾಚಿದ್ದ ಅದನ್ನು ಒಂದು ಮರುಪರಿಶೀಲನೆಯ ನಂತರ 2010ರ ಡಿಸೆಂಬರ್ 9ರಿಂದ ಈಚಿನ ಸಾಲಗಳಿಗೆ ಸೀಮಿತಗೊಳಿಸಿದರು. ಗೆಳೆಯರದ್ದು 2012ರದು, ಉಳಿಯಲಿಲ್ಲ. ಬೆಂಗಳೂರಿನಲ್ಲಿ ತಂದೆ ಮಾಡಿಟ್ಟಿದ್ದ ಸೈಟು ಮಾರಿ ಕಟ್ಟಿದರು. ಈ ಬಾಕಿಯ ಒತ್ತಡದಲ್ಲಿ ಪ್ರಾಣ ಕಳೆದುಕೊಂಡವರೂ ಈ ದೇಶದಲ್ಲಿದ್ದಾರೆ. ಯೋಜನೆ ಮಾರಿದವರು ಮಾತ್ರ ಅಂಗಡಿಯ ಹೆಸರು ಬದಲಿಸಿಕೊಂಡು ಹೊರಟರು. ಅಂಬ್ರೆಲಾ ಕಂಪನಿ ತೆರಿಗೆ ಕಟ್ಟದಿದ್ದರೆ ಏಜೆನ್ಸಿಯೂ ಹೊಣೆ ಎಂಬ ನಿಯಮವನ್ನು 2026ರ ಏಪ್ರಿಲ್‌ಗೆ ಗೊತ್ತುಮಾಡಿದರು. ಬಹಳ ತಡವಾಗಿ ಬಂದ ಬುದ್ಧಿ. ಆದರೂ ಯಾರಾದರೂ ಶೇ. 80, 85 ಎಂದರೆ ಆ ಹಿರಿಯರ ಪ್ರಶ್ನೆಯನ್ನೇ ಕೇಳಿ.

ವೀಸಾದ ಮಾತು. ನಾವು 2006ರಲ್ಲಿ ಎಚ್‌ಎಸ್‌ಎಂಪಿ ಯೋಜನೆಯಲ್ಲಿ ಬಂದವರು. ಅದರಲ್ಲಿ ಸ್ವಂತ ಉದ್ಯೋಗಕ್ಕೂ ಅನುಮತಿಯಿತ್ತು. ಅದರ ಜಾಗಕ್ಕೆ 2008ರಲ್ಲಿ ಬಂದ ಟಿಯರ್ 1 (ಜನರಲ್) ಕೂಡ 2011ರ ಹೊತ್ತಿಗೆ ಹೊಸಬರಿಗೆ ಮುಚ್ಚಿತು. ಈಗಿನ ಸ್ಕಿಲ್ಡ್ ವರ್ಕರ್ ವೀಸಾದವರು ಪ್ರಾಯೋಜಕ ಮಾಲೀಕರಿಗೆ ಕಟ್ಟಿಕೊಂಡವರು. ಆ ನೌಕರಿ ಬಿಟ್ಟು ಸ್ವಂತ ಕಂಪನಿಯಿಂದ ಗುತ್ತಿಗೆ ಹಿಡಿಯುವಂತಿಲ್ಲ. ಐಎಲ್‌ಆರ್ ಕೈಗೆ ಬರುವ ತನಕ ಈ ಚರ್ಚೆ ಅವರಿಗೆ ಬರೀ ಕಾಲಕ್ಷೇಪ. ಟಿಯರ್ 1ರ ಎಷ್ಟೋ ಮಂದಿಗೆ ಐಎಲ್‌ಆರ್ ಹಂತದಲ್ಲೇ ಪೆಟ್ಟು ಬಿತ್ತೆಂಬುದನ್ನೂ ಮರೆಯಬಾರದು. ವೀಸಾ ಅರ್ಜಿಯಲ್ಲಿ ತೋರಿಸಿದ ಸ್ವಂತ ಉದ್ಯೋಗದ ಆದಾಯಕ್ಕೂ ತೆರಿಗೆ ಇಲಾಖೆಗೆ ಕೊಟ್ಟ ಲೆಕ್ಕಕ್ಕೂ ತಾಳೆಯಾಗದವರನ್ನು ಗೃಹ ಇಲಾಖೆ ಅಪ್ರಾಮಾಣಿಕರೆಂದು ತಿರಸ್ಕರಿಸಿತು. ಸಮಜಾಯಿಷಿಗೆ ಅವಕಾಶ ಕೊಡದೆ ಹಾಗೆ ಮಾಡಿದ್ದು ನ್ಯಾಯವಲ್ಲವೆಂದು ಮೇಲ್ಮನವಿ ನ್ಯಾಯಾಲಯ 2019ರ ಏಪ್ರಿಲ್‌ನಲ್ಲಿ ಹೇಳಿತು. ಆ ಹೊತ್ತಿಗೆ ಹಲವರ ವರ್ಷಗಳು ಸಂದಿದ್ದವು. ಆದ್ದರಿಂದ, ತರುಣ ಮಿತ್ರರೇ, ಎರಡು ಇಲಾಖೆಗೆ ಎರಡು ಲೆಕ್ಕ ಎಂಬುದು ಹಾಸ್ಯಕ್ಕೂ ಬೇಡ.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ನೀವೇಕೆ ಇನ್ನೂ ಇದರಲ್ಲಿದ್ದೀರಿ ಎಂದು ಕೇಳುವುದು ಸಹಜ.

2014ರಲ್ಲಿ ಮೈಸೂರಿನಲ್ಲಿ ಅಪ್ಪ ಹಾಸಿಗೆ ಹಿಡಿದಾಗ ನಾವು ಹತ್ತು ವಾರ ಅವರ ಜೊತೆಗಿದ್ದೆವು. ಯಾವ ಮ್ಯಾನೇಜರನ ಮುಂದೆಯೂ ಕೈಕಟ್ಟಿ ನಿಲ್ಲಲಿಲ್ಲ, ಯಾವ ರಜೆ ಅರ್ಜಿಯನ್ನೂ ತುಂಬಲಿಲ್ಲ. ಗುತ್ತಿಗೆ ಮುಗಿದಿತ್ತು, ಹೊಸದನ್ನು ಹಿಡಿಯಲಿಲ್ಲ, ಅಷ್ಟೆ. ಖಾಯಂ ನೌಕರಿಯಲ್ಲಿದ್ದ ತಮ್ಮ ಹನ್ನೆರಡು ದಿನಕ್ಕೆ ಬಂದು, ಹೊರಡುವಾಗ ಅಪ್ಪನ ಮುಖ ನೋಡಲಾಗದೆ ಹೋದ. ಆ ಹತ್ತು ವಾರದ ಬೆಲೆಯನ್ನು ಮೇಲಿನ ಲೆಕ್ಕದ ಯಾವ ಕಾಲಮ್ಮಿನಲ್ಲಿ ಬರೆಯುವುದೋ ನಮಗೆ ತಿಳಿಯದು. ಆದರೆ ಆಗ ಕಂಪನಿಯ ಖಾತೆಯಲ್ಲಿ ಎಂಟು ತಿಂಗಳ ಖರ್ಚು ಕೂಡಿಟ್ಟಿತ್ತು. ಅದಿಲ್ಲದಿದ್ದರೆ ನಾವೂ ಹನ್ನೆರಡನೆಯ ದಿನವೇ ವಿಮಾನ ಹತ್ತುತ್ತಿದ್ದೆವು.

2023ರ ಐದು ತಿಂಗಳು ಬೇರೆ ಥರ. ಮೊದಲ ತಿಂಗಳು ಓದಬೇಕೆಂದು ಕಾದಿಟ್ಟಿದ್ದ ಪುಸ್ತಕಗಳನ್ನೆಲ್ಲ ಓದಿದೆವು. ಮೂರನೆಯ ತಿಂಗಳಿಗೆ ಪುಸ್ತಕ ಮಡಿಲಲ್ಲಿ, ಕಣ್ಣು ಫೋನಿನ ಮೇಲೆ. ಮನೆ ನಡೆದದ್ದು ಲೆಕ್ಕ ಇಡುವವರು ಕೌನ್ಸಿಲ್‌ನಲ್ಲಿ ಮಾಡುತ್ತಿದ್ದ ಅರೆಕಾಲಿಕ ಕೆಲಸದ ಸಂಬಳದಿಂದ. ನಲವತ್ತು ದಾಟಿದವನಿಗೆ ಗುತ್ತಿಗೆ ಸಿಗದಿದ್ದಾಗ ಖಾಯಂ ಕೆಲಸಕ್ಕೆ ಅರ್ಜಿ ಹಾಕಿದರೆ, "ಹದಿಮೂರು ವರ್ಷದಲ್ಲಿ ಯಾರನ್ನಾದರೂ ಮೇಲಕ್ಕೆ ತಂದಿದ್ದೀರಾ? ತಂಡ ಕಟ್ಟಿದ್ದೀರಾ?" ಎಂದು ಕೇಳುತ್ತಾರೆ. ಇಲ್ಲ. ಗುತ್ತಿಗೆದಾರನಿಗೆ ಬಡ್ತಿಯಿಲ್ಲ, ತರಬೇತಿಯಿಲ್ಲ. ಬ್ಯಾಡ್ಜಿನ ಬಣ್ಣವೇ ಬೇರೆ. ಹೊಸ ವಿದ್ಯೆಯನ್ನು ರಾತ್ರಿ ಕೂತು ಸ್ವಂತ ದುಡ್ಡಿನಲ್ಲಿ ಕಲಿಯಬೇಕು. ಕೊನೆಗೆ ನಮ್ಮನ್ನು ಎತ್ತಿದ್ದು ಹೊಸ ವಿದ್ಯೆಯೂ ಅಲ್ಲ, ಹಳೆಯದು: ಇಪ್ಪತ್ತು ವರ್ಷದ ಹಿಂದಿನ ದತ್ತಾಂಶವನ್ನು ಕೆಡದಂತೆ ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸ. ಬರೀ ಕೋಡು ಬರೆಯುವವನನ್ನು ಈಗ ದಿನಕ್ಕೆ ಐನೂರು ಕೊಟ್ಟು ಕರೆಯುವವರು ಕಡಿಮೆ ಎಂಬುದು ನಮ್ಮ ಅನುಭವ. ಕೋಡು ಬರೆದುಕೊಡುವ ಯಂತ್ರವೇ ಬಂದಿದೆಯಲ್ಲ. ಬೇರೆಯವರು ಕೈಹಾಕಲು ಅಂಜುವ ಒಂದು ಮೂಲೆ ನಿಮ್ಮದಾಗಿರಬೇಕು.

ರೆಡಿಂಗಿನ ಮಿತ್ರರಿಗೆ ನಮ್ಮ ಉತ್ತರ ಈ ಮಟ್ಟಿಗೆ. ಬರಲಿರುವ ಕೆಲಸ ಐಆರ್35ರ ಒಳಗೋ ಹೊರಗೋ ಎಂದು ಮೊದಲ ಫೋನಿನಲ್ಲೇ ಕೇಳಿ. ಕೆಲಸ ಕೊಡುವವರ ತೀರ್ಮಾನವನ್ನು ಬರಹದಲ್ಲಿ ಪಡೆಯಿರಿ. ಒಳಗಾದರೆ, ಅಂಬ್ರೆಲಾದಲ್ಲಿ ಐನೂರಕ್ಕೆ ಈಗಿನ ಎಂಬತ್ತು ಸಾವಿರದ ನೌಕರಿ ಬಿಡಬೇಡಿ. ಆರುನೂರೈವತ್ತು ಎಂದರೆ ಕೂತು ಮಾತಾಡೋಣ. ಮನೆ ಕೊಳ್ಳುವ ಯೋಚನೆಯಿದೆ ಎಂದಿರಿ. ಹಾಗಾದರೆ ಸಾಲ ಮಂಜೂರಾಗುವ ತನಕ ಜಾಗ ಬಿಟ್ಟು ಕದಲಬೇಡಿ. ಸ್ವಂತ ಕಂಪನಿಯವರಿಗೆ ಸಾಮಾನ್ಯವಾಗಿ ಎರಡು ವರ್ಷದ ಲೆಕ್ಕ ಕೇಳುತ್ತಾರೆ. ಆರು ತಿಂಗಳ ಖರ್ಚು ಕೈಯಲ್ಲಿಲ್ಲದೆ ಇಳಿಯಬೇಡಿ. ಮನೆಯಲ್ಲಿ ಇಬ್ಬರಲ್ಲಿ ಒಬ್ಬರಿಗಾದರೂ ತಿಂಗಳ ಸಂಬಳ ಇರಲಿ. ಇವೆಲ್ಲ ಇದ್ದು, ಊರಿನಲ್ಲಿ ವಯಸ್ಸಾದವರಿದ್ದು, ವರ್ಷಕ್ಕೆ ಎರಡು ತಿಂಗಳು ಅಲ್ಲಿರಬೇಕೆಂಬ ಆಸೆಯಿದ್ದರೆ ಮುಂದಿನ ಕೂಟದಲ್ಲಿ ಸಿಗಿ, ನಮ್ಮ ಲೆಕ್ಕದ ಪುಸ್ತಕವನ್ನೇ ತಂದು ತೋರಿಸುತ್ತೇವೆ.

ಮುಂದಿನ ಕೂಟಕ್ಕೆ ಖಂಡಿತ ಬರುತ್ತೇವೆ. ಈಗಿನ ಗುತ್ತಿಗೆ ಮುಗಿಯಲು ಐದು ವಾರ ಉಳಿದಿದೆ. ಮುಂದುವರಿಸುವ ಮಾತನ್ನು ಅವರಿನ್ನೂ ಎತ್ತಿಲ್ಲ.